ಅಮಲ್ದಾರರ ರೂಪಾಯಿ ಮಾಯವಾದದ್ದು

ಅಮಲ್ದಾರರ ಜವಾನ ಬೋರಯ್ಯ ಬಿಡುವಾದಾಗಲೆಲ್ಲ ಬೆರಳುಗಳ ಮೇಲೆ ಬೆಳ್ಳಿ ರೂಪಾಯಿ ಉರುಳಿಸುತ್ತಿದ್ದ. ಮುಷ್ಟಿ ಮುಚ್ಚಿ ತೆರೆದರೆ ಅದು ಮಾಯ! ಅಮಲ್ದಾರರಿಗೆ ಕುತೂಹಲ ತಡೆಯಲಾಗಲಿಲ್ಲ.

“ಸಂಜೆ ಬೀಗರು ಬರ್ತಾರೆ. ಅಷ್ಟರಲ್ಲಿ ನನಗಿದನ್ನು ಕಲಿಸು. ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು ಅಂತ ತಿಳಿ!”

ವರ್ಷಗಟ್ಟಲೆ ಪಳಗಿ ಕಲಿತ ವಿದ್ಯೆ ಸಂಜೆಯೊಳಗೆ ಬಂದೀತೇ? ಬೋರಯ್ಯ ತಲೆ ಕೆರೆದುಕೊಂಡ.

“ಸುಲಭ, ಬುದ್ಧಿ. ಮುಷ್ಟಿ ಬಿಚ್ಚುವಾಗ ತಲೆ ಎತ್ತಿ ತೊಲೆ ನೋಡಿ, ಸಾಕು.”

ಸಂಜೆ ಅಮಲ್ದಾರರು ಹಾಗೇ ಮಾಡಿದರು. ಅವರು ನೋಡಿದ ಮೇಲೆ ಬೀಗರೂ ಗುಮಾಸ್ತರೂ ನೋಡಲೇಬೇಕಲ್ಲ! ಬಿಚ್ಚಿದ ಮುಷ್ಟಿಯಿಂದ ರೂಪಾಯಿ ಜಾರಿ ಜಮಖಾನದ ಮೇಲೆ ಸದ್ದಿಲ್ಲದೆ ಬಿತ್ತು. ತಾಂಬೂಲದ ತಟ್ಟೆ ಇಡಲು ಬಗ್ಗಿದ ಬೋರಯ್ಯ ಅದನ್ನು ಮೆಲ್ಲಗೆ ಎತ್ತಿಕೊಂಡ. ಸಾಹೇಬರ ಖಾಲಿ ಕೈ ಕಂಡು ಚಪ್ಪಾಳೆಯೋ ಚಪ್ಪಾಳೆ!

ಅಮಲ್ದಾರರು ಬೋರಯ್ಯನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ವಿದ್ಯೆ ಬಂತು ಕಣೋ! ಆದರೆ ರೂಪಾಯಿ ಎಲ್ಲಿ ಹೋಯ್ತು?”

“ಅದು ನಾಳೆಯ ಪಾಠ, ಬುದ್ಧಿ.”