ಸ್ಪೀಕಪ್ ಗುಡ್ಡಕ್ಕೆ ಆ ಹೆಸರು ಬಂದದ್ದು

ಇಂಗ್ಲೆಂಡಿನ ಉತ್ತರದಲ್ಲಿರುವ ಕೋಲ್ಡ್‌ರಿಗ್ ಎಂಬ ಊರಿನ ನೆತ್ತಿಯ ಮೇಲೆ ಒಂದು ಬೋಳು ಗುಡ್ಡವಿದೆ. ಮರವೆಂಬುದು ಅಲ್ಲಿ ಒಂದೂ ಇಲ್ಲ. ಗಾಳಿಗೆ ಸದಾ ಒಂದೇ ಕಡೆಗೆ ಬಾಗಿರುವ ಒರಟು ಹುಲ್ಲು, ಅದನ್ನು ಮೇಯುವ ಕಪ್ಪು ಮೋರೆಯ ಕುರಿಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಇಷ್ಟೇ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಬೇರೆ ಏನೋ ಹೆಸರಿದ್ದರೂ ಊರಿನವರ ಬಾಯಲ್ಲಿ ಅದು ಸ್ಪೀಕಪ್ ಗುಡ್ಡ. ‘ಗಟ್ಟಿಯಾಗಿ ಹೇಳು’ ಎಂದು ಅದರ ಅರ್ಥ. ಗುಡ್ಡಕ್ಕೆ ಇಂಥ ಹೆಸರೇಕೆ ಎಂದು ಕೇಳಿದರೆ ಊರಿನ ಬಹುಪಾಲು ಮಂದಿ ನಕ್ಕು ಸುಮ್ಮನಾಗುತ್ತಾರೆ. ನನಗೆ ಇದನ್ನು ಹೇಳಿದವರು ಅಲ್ಲಿನ ವಾಚನಾಲಯವನ್ನು ನಲವತ್ತು ವರ್ಷ ನೋಡಿಕೊಂಡ ಮಾರ್ಥಾ ಲಂಬ್ ಎಂಬ ಮುದುಕಿ. ಹೇಳುವುದಕ್ಕೆ ಮೊದಲು ಅವರು ಒಂದು ಮಾತು ಅಂದರು: “ಇದರಲ್ಲಿ ನಮ್ಮ ಮನೆಯವರದೂ ತಪ್ಪಿದೆ. ಅದನ್ನು ಬಿಟ್ಟು ಬರೆಯಬೇಡಿ.”

ಹಿಂದೆ ಒಮ್ಮೆ, ಇಂಗ್ಲೆಂಡಿನಲ್ಲಿ ಓಟೆಂಬುದು ಬಾಯಲ್ಲಿ ಹೇಳುವ ಮಾತಾಗಿತ್ತು. ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಮರದ ಅಟ್ಟಣೆ ಕಟ್ಟಿ ಅದರ ಮೇಲೆ ಗುಮಾಸ್ತ ಪುಸ್ತಕ ಬಿಚ್ಚಿಕೊಂಡು ಕೂರುವನು. ಓಟಿದ್ದವನು ಮೆಟ್ಟಿಲು ಹತ್ತಿ, ನೆರೆದವರ ಕಿವಿಗೆ ಬೀಳುವಂತೆ ತನ್ನ ಆಯ್ಕೆಯನ್ನು ಹೇಳಬೇಕು. ಆಮೇಲೆ ಆ ಪುಸ್ತಕವನ್ನು ಅಚ್ಚು ಹಾಕಿಸಿ ಮಾರುತ್ತಿದ್ದರು. ಯಾರು ಯಾರಿಗೆ ಹಾಕಿದರೆಂದು ಭೂಮಾಲೀಕರೆಲ್ಲ ಅದರಲ್ಲಿ ಬೆರಳಿಟ್ಟು ಓದುತ್ತಿದ್ದರು. ಓಟಿದ್ದವರಾದರೂ ಎಷ್ಟು ಮಂದಿ? ಸ್ವಂತ ನೆಲವಿದ್ದವರು, ದೊಡ್ಡ ಗೇಣಿದಾರರು, ಅದರಲ್ಲೂ ಗಂಡಸರು ಮಾತ್ರ. ಕೋಲ್ಡ್‌ರಿಗ್ಗಿನ ಮುನ್ನೂರು ಮನೆಗಳಲ್ಲಿ ಉಣ್ಣೆ ಹಿಂಜುವವರು, ನೂಲುವವರು, ಮಗ್ಗದ ಮುಂದೆ ಬೆನ್ನು ಬಗ್ಗಿಸಿದವರೇ ತುಂಬಿದ್ದರು. ಅವರಲ್ಲಿ ಓಟಿದ್ದದ್ದು ಒಬ್ಬನಿಗೆ. ಅವನು ಜೇಬೆಜ್ ಥ್ವೇಟ್, ಮರದಟ್ಟೆಯ ಜೋಡು ಮಾಡುವವನು. ಹೆಂಡತಿ ಕೆಜಿಯಾಳ ಸೋದರಮಾವ ಮಕ್ಕಳಿಲ್ಲದೆ ಸತ್ತಾಗ ಗುಡ್ಡದ ಬುಡದ ಒಂದು ತುಂಡು ನೆಲ ಇವರ ಪಾಲಿಗೆ ಬಂದಿತ್ತು. ಆ ನೆಲದ ಜೊತೆಗೆ ಓಟೂ ಬಂದಿತ್ತು. ಜೇಬೆಜ್ ಅದನ್ನು ಬೇಡಿದವನಲ್ಲ. ಮಾತು ಕಡಿಮೆಯ ಮನುಷ್ಯ. ಜೋಡಿನ ಅಳತೆ ತೆಗೆಯುವಾಗ ಬಂದವರ ಮುಖ ನೋಡದೆ ಪಾದವನ್ನಷ್ಟೇ ನೋಡುತ್ತಿದ್ದನಂತೆ.

ಆ ಕಾಲದಲ್ಲಿ ದೇಶದ ತುಂಬ ಬಡವರು ತಮಗೂ ಓಟು ಬೇಕೆಂದು ಎದ್ದಿದ್ದರು. ಮೈಲುದ್ದದ ಮನವಿ ಪತ್ರಗಳಿಗೆ ಲಕ್ಷಗಟ್ಟಲೆ ಸಹಿ ಹಾಕಿ ಪಾರ್ಲಿಮೆಂಟಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಪಾರ್ಲಿಮೆಂಟು ಅದನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತಿತ್ತು. ಕೋಲ್ಡ್‌ರಿಗ್ಗಿನಲ್ಲಿ ಈ ಕೆಲಸಕ್ಕೆ ಮುಂದಾಳು ಹೆಪ್ಸಿಬಾ ಲಂಬ್ ಎಂಬ ವಿಧವೆ, ಮಾರ್ಥಾ ಅವರ ಮುತ್ತಜ್ಜಿಯ ತಾಯಿ. ಉಣ್ಣೆ ಹಿಂಜಿ ಹಿಂಜಿ ಅವಳ ಬೆರಳ ತುದಿಗಳು ಗಟ್ಟಿಯಾಗಿದ್ದವು. ದನಿ ಮಾತ್ರ ಗುಡ್ಡದಾಚೆಗೂ ಕೇಳುತ್ತಿತ್ತು ಎನ್ನುತ್ತಾರೆ. ಆ ವರ್ಷ ಚುನಾವಣೆ ಗೊತ್ತಾದಾಗ, ಗೆಲ್ಲುವುದಿಲ್ಲವೆಂದು ತಿಳಿದಿದ್ದರೂ, ಬಡವರ ಪರವಾಗಿ ಸ್ಯಾಮ್ಸನ್ ಗ್ರೀವ್ ಎಂಬ ಮುದ್ರಕ ನಿಂತನು. ಎದುರಿಗೆ ಆ ಕಣಿವೆಯ ಒಡೆಯನಾದ ಹೆಸ್ಕೆಟ್ ಸಾಹೇಬರ ತಮ್ಮ. ಅಟ್ಟಣೆ ಕಟ್ಟುವುದು ಊರ ಮೇಲಿನ ಬೋಳು ಗುಡ್ಡದ ಮೇಲೆ ಎಂದು ಡಂಗುರವಾಯಿತು.

ಮಾರನೆಯ ದಿನವೇ ಹೆಪ್ಸಿಬಾ ಜೇಬೆಜನ ಅಂಗಡಿಗೆ ಬಂದಳು. “ಜೇಬೆಜ್, ಆ ಓಟು ನಿನ್ನೊಬ್ಬನದೆಂದು ತಿಳಿಯಬೇಡ. ಮುನ್ನೂರು ಮನೆಗೆ ಇರುವುದು ನಿನ್ನದೊಂದೇ ಬಾಯಿ. ಗ್ರೀವ್ ಸೋಲುತ್ತಾನೆ, ನನಗೂ ಗೊತ್ತು. ಆದರೂ ಆ ಪುಸ್ತಕದಲ್ಲಿ ನಮ್ಮ ಊರಿನದೊಂದು ಹೆಸರು ಅವನ ಕೆಳಗೆ ಇರಬೇಕು,” ಎಂದಳು. ಜೇಬೆಜ್ ತಲೆಯಾಡಿಸಿದನು. ಅವನಿಗೂ ಮನಸ್ಸಿದ್ದದ್ದು ಅದೇ.

ಆದರೆ ಎರಡು ದಿನ ಕಳೆಯುವುದರೊಳಗೆ ಹೆಸ್ಕೆಟ್ ಸಾಹೇಬರ ಪಾರುಪತ್ಯಗಾರ ಪಿಕರ್ಸ್‌ಗಿಲ್ ಕುದುರೆಯ ಮೇಲೆ ಬಂದಿಳಿದನು. ಬೂಟಿನ ಅಳತೆ ಕೊಡುವವನಂತೆ ಕಾಲು ಚಾಚಿ ಕುಳಿತು, ಹವೆಯ ಮಾತಾಡಿ, ಕೊನೆಗೆ ಜೇಬೆಜನ ತಮ್ಮನ ಮಾತು ತೆಗೆದನು. ತಮ್ಮ ಎನೋಕ್ ಗುಡ್ಡದ ಇಳಿಜಾರಿನಲ್ಲಿ ಹೆಸ್ಕೆಟ್ ಸಾಹೇಬರ ಮನೆಯಲ್ಲಿ ಬಾಡಿಗೆಗಿದ್ದನು. ಐದು ಮಕ್ಕಳು, ಹೆಂಡತಿಗೆ ಎದೆಯ ಕಾಯಿಲೆ. “ನಿನ್ನ ನೆಲ ನಿನ್ನದು ಥ್ವೇಟ್, ಅದನ್ನು ನಾವು ಮುಟ್ಟಲಾರೆವು,” ಎಂದನು ಪಿಕರ್ಸ್‌ಗಿಲ್. “ಆದರೆ ಎನೋಕನ ಮನೆ ಸಾಹೇಬರದು. ಚಳಿಗಾಲ ಬೇರೆ ಹತ್ತಿರ ಬಂತು.” ಟೋಪಿ ಮುಟ್ಟಿ ಹೊರಟುಹೋದನು.

ಜೇಬೆಜ್ ಇದನ್ನು ಹೆಂಡತಿಯೊಬ್ಬಳಿಗೇ ಹೇಳಿದನು. ಕೆಜಿಯಾ, “ಎನೋಕನನ್ನು ಕೇಳು. ಅವನ ಮನೆಯಲ್ಲವೇ?” ಎಂದಳು. ಅವನು ಕೇಳಲಿಲ್ಲ. ಕೇಳಿದರೆ ಎನೋಕ್ ‘ನನ್ನ ಚಿಂತೆ ಬಿಡು’ ಎನ್ನುತ್ತಾನೆ, ಹಾಗೆಂದ ಮೇಲೆ ಅವನ ಮಕ್ಕಳು ಬೀದಿಗೆ ಬಿದ್ದರೆ ತನ್ನ ಗತಿಯೇನು ಎಂದು ಹೆದರಿದನು. ಹೆಪ್ಸಿಬಾಗೂ ಹೇಳಲಿಲ್ಲ. ಅವಳು ದಿನವೂ ಅಂಗಡಿಯ ಮುಂದೆ ಹಾದು ಹೋಗುವಾಗ ಕೈಯೆತ್ತಿ ನಗುತ್ತಿದ್ದಳು.

ಚುನಾವಣೆಯ ದಿನ ಇಡೀ ಕಣಿವೆ ಗುಡ್ಡ ಹತ್ತಿತು. ಓಟಿಲ್ಲದವರೂ ಅಂದು ಒಂದು ಗಳಿಗೆಯ ಮಟ್ಟಿಗೆ ಎಣಿಕೆಗೆ ಬರುತ್ತಿದ್ದರು. ಮೊದಲಿಗೆ ನೆರೆದವರೆಲ್ಲ ಕೈ ಎತ್ತಿ ತಮ್ಮ ಮನಸ್ಸು ತೋರಿಸುವುದು ಆಗಿನ ವಾಡಿಕೆ. ಗ್ರೀವನ ಹೆಸರು ಕೂಗಿದಾಗ ಎದ್ದ ಕೈಗಳಿಗೆ ಲೆಕ್ಕವಿರಲಿಲ್ಲ. ಹೆಂಗಸರೂ ಎತ್ತಿದರು, ಕಂಕುಳ ಕೂಸುಗಳ ಕೈಯನ್ನೂ ಹಿಡಿದೆತ್ತಿದರು. ಎಲ್ಲರಿಗಿಂತ ಮುಂದೆ ನಿಂತು ಎರಡೂ ಕೈ ಎತ್ತಿದವನು ಎನೋಕ್. ಹೆಸ್ಕೆಟ್ಟನ ಹೆಸರಿಗೆ ಎದ್ದದ್ದು ಇಪ್ಪತ್ತೋ ಮೂವತ್ತೋ ಕೈ. ಗುಡ್ಡವೆಲ್ಲ ಹೋ ಎಂದಿತು. ಆಗ ಹೆಸ್ಕೆಟ್ಟನ ಕಡೆಯವರು ಕಾನೂನಿನಂತೆ ಓಟಿದ್ದವರ ಎಣಿಕೆಯಾಗಲಿ ಎಂದರು. ಆ ಒಂದು ಮಾತಿಗೆ ಅಷ್ಟೂ ಕೈಗಳು ಇಲ್ಲದಂತಾದವು. ಸುತ್ತಿನ ದೊಡ್ಡ ಗೇಣಿದಾರರು ಒಬ್ಬರ ಹಿಂದೊಬ್ಬರಾಗಿ ಅಟ್ಟಣೆ ಹತ್ತಿ, ತಲೆ ತಗ್ಗಿಸಿ, ಹೆಸ್ಕೆಟ್ ಎಂದು ಹೇಳಿ ಇಳಿದರು. ಕೊನೆಗೆ ಗುಮಾಸ್ತ ಜೇಬೆಜ್ ಥ್ವೇಟನ ಹೆಸರು ಕೂಗಿದನು.

ಅವನು ಹತ್ತಿದನು. ಗುಮಾಸ್ತ ಯಾರಿಗೆ ಎಂದು ಕೇಳಿದನು. ಜೇಬೆಜನ ತುಟಿ ಅಲುಗಾಡಿತು, ದನಿ ಬರಲಿಲ್ಲ. “ಗಟ್ಟಿಯಾಗಿ ಹೇಳು!” ಎಂದು ಮೊದಲು ಕೂಗಿದವಳು ಹೆಪ್ಸಿಬಾ. ಅವನಿಗೆ ಧೈರ್ಯ ತುಂಬಬೇಕೆಂದೇ ಅವಳು ಕೂಗಿದ್ದು. ಒಡನೆಯೇ ಅವಳ ಹಿಂದಿದ್ದವರೆಲ್ಲ ಅದನ್ನೇ ಹಿಡಿದರು. ಅಟ್ಟಣೆಯ ಪಕ್ಕದಲ್ಲಿ ಕುದುರೆಯ ಮೇಲಿದ್ದ ಪಿಕರ್ಸ್‌ಗಿಲ್ ಕೂಡ, ಬಹಳ ಮೆಲ್ಲಗೆ, “ಗಟ್ಟಿಯಾಗಿ ಹೇಳು ಥ್ವೇಟ್,” ಎಂದನು. ಎರಡು ಕಡೆಯಿಂದಲೂ ಒಂದೇ ಮಾತು. ಜೇಬೆಜ್ ಒಮ್ಮೆ ಇಳಿಜಾರಿನತ್ತ ನೋಡಿದನಂತೆ. ಎನೋಕನ ಮನೆಯ ಹೊಗೆ ಅಲ್ಲಿಂದ ಕಾಣುತ್ತಿತ್ತು. ಆಮೇಲೆ ಎಲ್ಲರಿಗೂ ಕೇಳುವಂತೆ “ಹೆಸ್ಕೆಟ್” ಎಂದನು.

ಅವನು ಇಳಿದು ಬರುವಾಗ ಯಾರೂ ಹೊಡೆಯಲಿಲ್ಲ, ದಾರಿ ಬಿಟ್ಟರು. ಮರುದಿನದಿಂದ ಶುರುವಾಯಿತು. ಸಂಜೆಯಾಗುತ್ತಲೇ ತಟ್ಟೆ, ಬಾಣಲೆ ಬಡಿಯುತ್ತ ಜನ ಅವನ ಮನೆಯ ಮುಂದೆ ನಿಂತು “ಗಟ್ಟಿಯಾಗಿ ಹೇಳು” ಎಂದು ರಾಗವೆಳೆದು ಕೂಗುತ್ತಿದ್ದರು. ಒಬ್ಬರೂ ಅವನಲ್ಲಿ ಜೋಡು ಕೊಳ್ಳಲಿಲ್ಲ. ಕೆಜಿಯಾ ಬಾವಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಇವೆಲ್ಲಕ್ಕೆ ಮುಂದಾಳುವೂ ಹೆಪ್ಸಿಬಾಳೇ. ಎನೋಕ್ ಒಂದು ದಿನ ಅಣ್ಣನ ಬಾಗಿಲಿಗೆ ಬಂದು ಹೊಸ್ತಿಲ ಹೊರಗೇ ನಿಂತನು. ಪಿಕರ್ಸ್‌ಗಿಲ್ ಬಂದದ್ದು, ಹೇಳಿದ್ದು ಎಲ್ಲವನ್ನೂ ಜೇಬೆಜ್ ಆಗ ಅವನಿಗೆ ಹೇಳಿದನು. ಎನೋಕ್, “ನನ್ನನ್ನು ಒಂದು ಮಾತು ಕೇಳಬಾರದಿತ್ತೇ?” ಎಂದಷ್ಟೇ ಅಂದು ತಿರುಗಿ ಹೋದನು.

ಮೂರು ವಾರ ಕಳೆದ ಮೇಲೆ, ಮೊದಲ ಹಿಮ ಬೀಳುವ ಹೊತ್ತಿಗೆ, ಪಿಕರ್ಸ್‌ಗಿಲ್ ಆಳುಗಳೊಡನೆ ಬಂದು ಎನೋಕನ ಸಂಸಾರವನ್ನು ಹೊರಗೆ ಹಾಕಿಸಿದನು. ಜೇಬೆಜ್ ಓಡಿಹೋಗಿ, “ನೀವು ಹೇಳಿದಂತೆ ಮಾಡಿದೆನಲ್ಲ ಸ್ವಾಮಿ,” ಎಂದು ಕುದುರೆಯ ಲಗಾಮು ಹಿಡಿದನು. “ನೀನು ಮಾಡಿದೆ,” ಎಂದನು ಪಿಕರ್ಸ್‌ಗಿಲ್. “ಇವನು ಎರಡೂ ಕೈ ಎತ್ತಿದ. ಸಾಹೇಬರೇ ನೋಡಿದ್ದಾರೆ.” ಜೇಬೆಜ್ ತಮ್ಮನ ಮಕ್ಕಳನ್ನು ತನ್ನ ಮನೆಗೆ ಕರೆದನು. ಎನೋಕ್ ಒಪ್ಪಲಿಲ್ಲ. ಅವರನ್ನು ಒಳಗೆ ಕರೆದುಕೊಂಡವಳು ಹೆಪ್ಸಿಬಾ. ಅವಳದು ಒಂದೇ ಕೋಣೆ. ಎನೋಕನ ಹೆಂಡತಿ ಅಲ್ಲಿಯೇ, ಉಣ್ಣೆಯ ರಾಶಿಯ ಪಕ್ಕದಲ್ಲಿ, ಆ ಚಳಿಗಾಲ ದಾಟದೆ ತೀರಿಕೊಂಡಳು. ಸಾಯುವ ಮೊದಲು ಅವಳು ಪಿಕರ್ಸ್‌ಗಿಲ್ ಜೇಬೆಜನಿಗೆ ಹಾಕಿದ್ದ ಬೆದರಿಕೆಯನ್ನು ಹೆಪ್ಸಿಬಾಗೆ ಹೇಳಿದಳು. ಅಲ್ಲಿಯವರೆಗೆ ಊರಿಗೆ ಅದು ತಿಳಿದಿರಲಿಲ್ಲ. ಎನೋಕ್ ನಾಚಿಕೆಯಿಂದ ಹೆಂಡತಿಗಲ್ಲದೆ ಬೇರೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಮಣ್ಣು ಮಾಡಿ ಬಂದ ದಿನ ಮಧ್ಯಾಹ್ನವೇ ಹೆಪ್ಸಿಬಾ ಹೊಸ ಮನವಿ ಪತ್ರದ ಸುರುಳಿ ಹಿಡಿದು ಜೇಬೆಜನ ಅಂಗಡಿಗೆ ಹೋದಳು. “ಓಟು ಗುಟ್ಟಾಗಿರಬೇಕು ಎಂಬುದು ಹಿಂದಿನ ಮನವಿಯಲ್ಲೂ ಇತ್ತು. ನಾವದನ್ನು ಓದಿ ಮುಂದೆ ಹೋಗುತ್ತಿದ್ದೆವು,” ಎಂದಳು. “ಈಗ ಅದನ್ನೇ ಮೊದಲಿಗೆ ಬರೆಸಿದ್ದೇನೆ. ಆ ದಿನ ನಾನೂ ಕೂಗಿದೆ ಜೇಬೆಜ್. ಆ ಪಿಕರ್ಸ್‌ಗಿಲ್ ಹೇಳಿದ್ದನ್ನೇ ನಾನೂ ಕೂಗಿದೆ. ಮೊದಲ ಸಹಿ ನೀನು ಹಾಕು.” ಜೇಬೆಜ್ ತಲೆಯೆತ್ತದೆ, “ನನ್ನ ಹೆಸರಿದ್ದರೆ ಅದರ ಕೆಳಗೆ ಯಾರೂ ಹಾಕುವುದಿಲ್ಲ,” ಎಂದನು. “ಹಾಕದಿದ್ದರೆ ಬೇಡ,” ಎಂದಳು ಹೆಪ್ಸಿಬಾ. ಅವನು ಸಹಿ ಹಾಕಿದನು. ಅವನು ಹೇಳಿದ್ದು ಬಹುಮಟ್ಟಿಗೆ ನಿಜವಾಯಿತು. ಊರಿನ ಅರ್ಧಕ್ಕರ್ಧ ಮಂದಿ ಆ ಕಾಗದ ಮುಟ್ಟಲಿಲ್ಲ. ಅವಳು ಮನೆಮನೆಗೆ ಹೋಗಿ ಜಗಳವಾಡಿದಳು, ಕೆಲವು ಕಡೆ ಬಾಗಿಲು ಹಾಕಿಸಿಕೊಂಡಳು. ಎನೋಕ್ ಮಾತ್ರ ಸುರುಳಿಯನ್ನು ಬಿಚ್ಚಿ, ಅಣ್ಣನ ಹೆಸರು ನೋಡಿ, ಅದರ ಕೆಳಗೇ ತನ್ನ ಗುರುತಿಗೆ ಒಂದು ಗೀಟು ಎಳೆದನು. ಆದರೂ ಅಣ್ಣನೊಡನೆ ಮಾತಾಡಲಿಲ್ಲ. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗಿರಣಿಯ ಪಟ್ಟಣಕ್ಕೆ ಹೋದವನು ಮತ್ತೆ ಬರಲಿಲ್ಲ.

ಆ ಮನವಿಯನ್ನೂ ಪಾರ್ಲಿಮೆಂಟು ತಳ್ಳಿಹಾಕಿತು. ಅದಾದ ಮೇಲಿನ ಮನವಿಯನ್ನೂ ತಳ್ಳಿತು. ಹೆಪ್ಸಿಬಾ ಓಟಿನ ಪೆಟ್ಟಿಗೆಯನ್ನು ಕಾಣದೆಯೇ ಸತ್ತಳು. ಗುಟ್ಟಿನ ಓಟಿನ ಕಾನೂನು ಬಂದು ಮೊದಲ ಚುನಾವಣೆಯಾದಾಗ ಜೇಬೆಜನಿಗೆ ಎಪ್ಪತ್ತು ದಾಟಿತ್ತು. ನಡುವಿನ ಮೂವತ್ತು ವರ್ಷಗಳಲ್ಲಿ ಅವನು ಒಂದು ಸಲವೂ ಓಟಿಗೆ ಹೋಗಿರಲಿಲ್ಲ. ಅಂದು ಕೋಲೂರಿಕೊಂಡು ಶಾಲೆಯ ಕೋಣೆಗೆ ಹೋದನು. ಪರದೆಯ ಹಿಂದೆ ನಿಂತವನು ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. ಹೆಂಗಸಾದ್ದರಿಂದ ಕೆಜಿಯಾಗೆ ಒಳಗೆ ಕೆಲಸವಿರಲಿಲ್ಲ. ಬಾಗಿಲ ಹೊರಗೆ, ಹಿಮದಲ್ಲಿ ಕಾಯುತ್ತಿದ್ದಳು. ಅವನು ಬಂದಾಗ ಅವಳ ತೋಳು ಹಿಡಿದುಕೊಂಡು, “ಯಾರೂ ಏನೂ ಕೇಳಲಿಲ್ಲ ಕಣೇ,” ಎಂದನು. ಮನೆ ಸೇರುವವರೆಗೂ ಅದನ್ನೇ ಎರಡು ಮೂರು ಸಲ ಹೇಳಿದನಂತೆ. ಅವಳೂ ಕೇಳಲಿಲ್ಲ.

ಗುಡ್ಡದ ಹೆಸರು ಮಾತ್ರ ಉಳಿಯಿತು. ಆ ಕೂಗನ್ನು ಗುಡ್ಡಕ್ಕೆ ಹೆಸರಾಗಿ ಅಂಟಿಸಿದ್ದು ಬಾಣಲೆ ಬಡಿಯುವವರ ಅಣಕ ಎಂಬುದನ್ನು ಊರು ಮರೆಯಲು ನೋಡಿತು, ಅದು ಪೂರ್ತಿ ಆಗಲಿಲ್ಲ. ಈಗ ರಜೆಯ ದಿನಗಳಲ್ಲಿ ದೂರದಿಂದ ನಡಿಗೆಯವರು ಬರುತ್ತಾರೆ. ನೆತ್ತಿಯ ಮೇಲೆ ನಿಂತು ಕೂಗಿದರೆ ಎದುರು ಗುಡ್ಡ ಓಗೊಡುತ್ತದೆ, ಹೆಸರು ಅದರಿಂದಲೇ ಬಂದಿರಬೇಕೆಂದುಕೊಂಡು ತಮ್ಮ ತಮ್ಮ ಹೆಸರುಗಳನ್ನು ಕೂಗಿ ಸಂತೋಷಪಡುತ್ತಾರೆ. ಅಟ್ಟಣೆಯ ಕಂಬಗಳನ್ನು ನೆಟ್ಟಿದ್ದರೆನ್ನುವ ನಾಲ್ಕು ತಗ್ಗುಗಳು ಅಲ್ಲಿಯೇ ಅವರ ಕಾಲ ಬಳಿ ಇವೆ, ಮಳೆ ಬಂದಾಗ ಕುರಿಗಳು ಅವುಗಳಲ್ಲಿ ನೀರು ಕುಡಿಯುತ್ತವೆ. ಇಳಿಜಾರಿನಲ್ಲಿ ಚಾವಣಿಯಿಲ್ಲದ ಒಂದು ಮನೆಯ ಗೋಡೆಗಳು ಕಾಣುತ್ತವೆ. ಮತ್ತೆ ಯಾರೂ ಬಂದು ಇರಬಾರದೆಂದು ಪಿಕರ್ಸ್‌ಗಿಲ್ ಅದರ ಹೆಂಚನ್ನು ಇಳಿಸಿಹಾಕಿದ್ದನು. ಗಾಳಿ ಜೋರಾದಾಗ ನಡಿಗೆಯವರು ಆ ಗೋಡೆಗಳ ಮರೆಗೆ ಬಂದು, ಮಸಿ ಹಿಡಿದ ಒಲೆಗಲ್ಲಿಗೆ ಬೆನ್ನು ಕೊಟ್ಟು ಕುಳಿತು, ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಇಡೀ ಗುಡ್ಡದಲ್ಲಿ ಬೆಚ್ಚಗಿರುವುದು ಅದೊಂದೇ ಜಾಗ.