ಗವಿದುರ್ಗದ ಮೂರು ಬಾಗಿಲು

ವೈಶಾಖ ಶುದ್ಧ ಸಪ್ತಮಿ. ಬೆಳಗಿನಿಂದಲೇ ಸುಡುವ ಬಿಸಿಲು, ಗಾಳಿಯಿಲ್ಲ. ಗವಿದುರ್ಗದ ಬೀದಿಗಳಲ್ಲಿ ಡಂಗುರ ಸಾರಿದರು:

"ದೊರೆ ಕೆಂಚರಾಯರ ವೈದ್ಯಶಾಲೆಗೆ ಮೂರು ಬಾಗಿಲು. ಉಳುಕು, ಹಿಡಿತಕ್ಕೆ ಎಣ್ಣೆಯ ಬಾಗಿಲು. ಮುರಿದ ಮೂಳೆಗೆ ಕಟ್ಟಿನ ಬಾಗಿಲು. ಶಸ್ತ್ರವೈದ್ಯರದು ಕತ್ತಿಯ ಬಾಗಿಲು. ಜನರೆಲ್ಲ ಕತ್ತಿಯ ಬಾಗಿಲಿಗೇ ನುಗ್ಗುತ್ತಿದ್ದಾರೆ. ಯಾರಿಗೆ ಯಾವುದೆಂದು ಹೇಳಬಲ್ಲವನು ಬಂದು ಮೂರು ಒಗಟು ಬಿಡಿಸಲಿ. ಗೆದ್ದರೆ ಬಾಗಿಲುಗಳ ಅಧಿಕಾರ, ಮೇಲೆ ಕೇಳಿದ್ದೊಂದು. ತಪ್ಪಿದರೆ ತಲೆದಂಡ!"

ಪಾಳೆಯಗಾರನ ಮಗ ಮೊದಲು ಬಂದ. ದೊರೆ ಕೇಳಿದರು: "ಮೂಟೆ ಎತ್ತಿದವನ ಸೊಂಟ ಹಿಡಿದುಕೊಂಡಿದೆ. ಅವನ ಕೂಗಿಗೆ ಕೋಟೆಯ ಪಾರಿವಾಳ ಹಾರುತ್ತವೆ. ಆದರೆ ನಡೆದೇ ಬಂದ. ಯಾವ ಬಾಗಿಲು?"

"ಕತ್ತಿಯದು. ಅಷ್ಟು ಕೂಗುವವನಿಗೆ ಇನ್ನಾವುದು?"

ಬೇಡಿ ಬಿತ್ತು. ಮುಂದೆ ಬಂದ ದಂಡನಾಯಕ "ಎಣ್ಣೆಯ ಬಾಗಿಲು" ಎಂದು ಪಾರಾದ. ಎರಡನೆಯ ಒಗಟು ಬಂತು.

"ಇನ್ನೊಬ್ಬ ನಗುತ್ತ ಕೂತಿದ್ದಾನೆ. ಸೊಂಟದಲ್ಲಿ ಅಷ್ಟಿಷ್ಟು ನೋವು. ಬೆಳಗಿನಿಂದ ಕಾಲು ಹತ್ತಿಯಂತಾಗಿದೆ, ಪಂಚೆ ಒದ್ದೆಯಾದದ್ದೂ ತಿಳಿದಿಲ್ಲ."

"ನಗುವವನಿಗೂ ಎಣ್ಣೆಯೇ ಸಾಕು."

ಅವನಿಗೂ ಬೇಡಿ ಬಿತ್ತು. ಆಮೇಲೆ ಬಂದವನು ಬೊಮ್ಮ, ವೈದ್ಯಶಾಲೆಯ ಎದುರಿನ ಅರವಟ್ಟಿಗೆಯಲ್ಲಿ ಕಾದವರಿಗೆ ನೀರು ಕೊಡುವವನು.

"ನಿನಗೇಕಪ್ಪಾ ಸಾಯುವ ಹುಚ್ಚು?" ಎಂದರು ದೊರೆ.

"ಅಂಥ ನಗುಮುಖದವನೊಬ್ಬ ನನ್ನ ಕೈಯ ನೀರು ಕುಡಿಯುತ್ತ ಕಾದ, ಬುದ್ಧಿ. ಮುಂದೆಲ್ಲ ಕೂಗುವವರೇ. ಸರದಿ ಬರುವಷ್ಟರಲ್ಲಿ ಅವನ ಕಾಲು ಸತ್ತಿತ್ತು. ಕೂಗಿದವನಿಗೆ ಎಣ್ಣೆ, ಬಿಸಿ ಶಾಖ, ದಿನವೂ ಒಂದಷ್ಟು ನಡಿಗೆ ಸಾಕು. ನಗುವವನನ್ನು ಈಗಲೇ ಎತ್ತಿಕೊಂಡು ಕತ್ತಿಯ ಬಾಗಿಲಿಗೆ ಓಡಬೇಕು."

ದೊರೆ ತಲೆದೂಗಿದರು. "ಮೂರನೆಯದು. ಒಬ್ಬಳಿಗೆ ಬಲಭುಜದ ನೋವು. ಮೂರು ಬಾಗಿಲೂ ಹೊಕ್ಕು ಬಂದಳು, ನೋವು ಹೋಗಲಿಲ್ಲ. ಇನ್ನು ಯಾವ ಬಾಗಿಲು?"

"ಅವಳ ಕೆಲಸವೇನು?"

"ಇಗೋ, ಹೊನ್ನವ್ವ. ನಮಗೆ ಚಾಮರ ಬೀಸುತ್ತಾಳೆ."

"ಕೈ ಬದಲಿಸುವುದಿಲ್ಲವೇ?"

"ಓಲಗ ಮುಗಿಯುವವರೆಗೆ ಬಲಗೈಯೇ ಬೀಸಬೇಕು. ಅದು ನಮ್ಮ ವಂಶದ ಪದ್ಧತಿ."

ಬೊಮ್ಮ ಬೇಡಿ ತೊಟ್ಟ ಇಬ್ಬರನ್ನೂ ಒಮ್ಮೆ ನೋಡಿದ. "ಹಾಗಾದರೆ ಇದೇ ಬಾಗಿಲು, ಬುದ್ಧಿ. ನಿಮ್ಮ ಓಲಗದ್ದು. ಇಲ್ಲಿ ವಾಸಿಯಾಗದೆ ಅಲ್ಲಿ ವಾಸಿಯಾಗದು."

ಓಲಗದಲ್ಲಿದ್ದ ಹಿರಿಯ ವೈದ್ಯ ಮೆಲ್ಲಗೆ ಎದ್ದ. "ಉತ್ತರ ಅದೇ, ಪ್ರಭು. ಹೇಳುವ ಧೈರ್ಯ ನಮಗಿರಲಿಲ್ಲ."

ದೊರೆ ಉತ್ತರೀಯದಿಂದ ತಮ್ಮ ಬೆವರು ತಾವೇ ಒರೆಸಿಕೊಂಡು, "ಚಾಮರ ಕೆಳಗಿಡು, ಹೊನ್ನವ್ವ" ಎಂದರು.

ಮರುದಿನ ಬೊಮ್ಮ ವೈದ್ಯಶಾಲೆಯ ಮುಂದೆ ನಿಂತು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದ. ಮಂಡಿ ಹಿಡಿದು ಬಂದ ಅಜ್ಜಿ ಅವನನ್ನೇ ವಿಚಾರಿಸಿದಳು: "ಕೇಳಿದ್ದೊಂದು ಕೊಡ್ತೀನಿ ಅಂದಿದ್ರಲ್ಲೋ ಮಗ, ಏನು ಕೇಳ್ದೆ? ಊರೋ, ಹೊನ್ನೋ?"

"ಆ ಇಬ್ಬರ ತಲೆ ಕೇಳಿದೆ, ಅಜ್ಜಿ."

"ಅಯ್ಯೋ ಪಾಪಿ! ಕೊಟ್ರಾ?"

"ಕೊಟ್ಟರು. ನೋಡು ಅಲ್ಲಿ."

ಅರವಟ್ಟಿಗೆಗೆ ದಂಡನಾಯಕನೂ ಪಾಳೆಯಗಾರನ ಮಗನೂ ತಲೆಯ ಮೇಲೆ ನೀರಿನ ಕೊಡ ಹೊತ್ತು ಬರುತ್ತಿದ್ದರು.