ಬೆಳದಿಂಗಳ ಬಣ್ಣದ ಸೀಟು

ಲಿಂಗರಾಜೇ ಅರಸರಿಗೆ ಒಂದು ಕನಸು ಬಿತ್ತು. ತಾತನ ಕಾಲದ ಅವರ ಕಾರು ಮೋಡಗಳ ಮೇಲೆ ತೇಲುತ್ತಿತ್ತು. ಒಳಗಿನ ಕಪ್ಪು ಚರ್ಮದ ಸೀಟುಗಳೆಲ್ಲ ಬೆಳದಿಂಗಳ ಹಾಗೆ ಬೆಳ್ಳಗಿದ್ದವು.

ಬೆಳಗಾಗುತ್ತಲೇ ಕಾರನ್ನು ಸೀಟಿಗೆ ಬಣ್ಣ ಹಾಕುವವನ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಆ ಮಳಿಗೆಯೂ ಅರಸರದೇ.

"ಈ ಸೀಟೆಲ್ಲ ಬೆಳ್ಳಗಾಗಬೇಕು ಕಣೋ. ಇಲ್ಲದಿದ್ದರೆ ಮಳಿಗೆ ಖಾಲಿ ಮಾಡು."

"ಬುದ್ಧಿ, ಬಿಳಿ ಚರ್ಮವನ್ನ ಕಪ್ಪು ಮಾಡಬಹುದು. ಕಪ್ಪಿನ ಮೇಲೆ ಬಿಳಿ ಬಣ್ಣ ಹಿಡಿಯೋದಿಲ್ಲ."

"ಹಿಡಿಸೋ ಕೆಲಸಗಾರ ಒಬ್ಬನೂ ಇಲ್ಲವೇನೋ?"

ಬಣ್ಣದವನು ಅರಸರ ಮುಖವನ್ನೇ ನೋಡಿದ.

"ಒಬ್ಬನಿದ್ದಾನೆ ಬುದ್ಧಿ. ಸದ್ದೇ ಮಾಡೋದಿಲ್ಲ. ನೀವು ಕನಸು ಕಾಣುವಾಗ ಬಂದು ಒಂದೊಂದೇ ಎಳೆ ಬೆಳ್ಳಗೆ ಮಾಡಿ ಹೋಗ್ತಾನೆ."

"ಎಲ್ಲಿದ್ದಾನೆ? ಕರೆಸು!"

"ನಿಮ್ಮ ಮೀಸೆಯಲ್ಲೇ ಕೆಲಸ ಮಾಡ್ತಿದ್ದಾನೆ. ನೀವೇ ಭಾನುವಾರಕ್ಕೊಮ್ಮೆ ಕಪ್ಪು ಬಳಿದು ಕೆಡಿಸ್ತೀರಿ."

ಅರಸರು ಕಾರಿನ ಕನ್ನಡಿಯಲ್ಲಿ ಇಣುಕಿದರು. ಮೀಸೆಯ ಬುಡದಲ್ಲಿ ಬಿಳುಪು ಮಿನುಗುತ್ತಿತ್ತು. ಕಾರು ಹತ್ತಿ ಹೊರಟುಹೋದರು.

ಮೂರು ತಿಂಗಳ ಮೇಲೆ ಕಾರು ಮತ್ತೆ ಬಂತು. ಸೀಟು ಕಪ್ಪಗೇ ಇತ್ತು. ಅರಸರ ಮೀಸೆ ಬೆಳದಿಂಗಳಾಗಿತ್ತು.

"ಕೆಲಸಗಾರ ಒಳ್ಳೆಯವನು ಕಣೋ," ಎಂದರು, ಮೀಸೆ ನೇವರಿಸುತ್ತ. "ಸೀಟಿಗೂ ಅವನೇ ಬರಲಿ. ಕಾಯೋಣ."